ಎದುರಿಗೆ ಯಾರನ್ನೂ ಕೂರಿಸದೆ ಬರೆದ ಮುಖಗಳು

ನಮ್ಮಜ್ಜಿಯದು ಒಂದೇ ಒಂದು ಫೋಟೋ ಇದೆ. ಅದು ಓಟಿನ ಕಾರ್ಡಿನಲ್ಲಿದೆ. ಹೆಬ್ಬೆಟ್ಟಿನ ಉಗುರಿನಷ್ಟು ಅಗಲ, ಮಸಿ ಬಳಿದಂಗಿದೆ. ಕಣ್ಣು ಯಾವುದು, ಮೂಗು ಯಾವುದು ಅಂತ ಗೊತ್ತಾಗೋದಿಲ್ಲ. ಅಜ್ಜಿ ಸತ್ತ ಮೇಲೆ ಅವ್ವ ಆ ಕಾರ್ಡನ್ನು ಪೇಟೆಯ ಸ್ಟುಡಿಯೋಕ್ಕೆ ಒಯ್ದು, ದೊಡ್ಡದು ಮಾಡಿಕೊಡಿ ಅಂದಳು. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಏನೇನೋ ತಿದ್ದಿ, ಅಜ್ಜಿಗೆ ಬಿಳಿ ಕೆನ್ನೆ ಕೊಟ್ಟು, ಕೆಂಪು ತುಟಿ ಕೊಟ್ಟು, ಯಾರದೋ ರೇಷ್ಮೆ ಸೀರೆ ಉಡಿಸಿ, ಕಟ್ಟು ಹಾಕಿಸಿ ಕಳಿಸಿದ. ಅವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಇದ್ಯಾರ್ಲಾ ಇವಳು?" ಅಂತ ನನ್ನ ಕೇಳಿದಳು. ಆ ಪಟ ಈಗಲೂ ಗೋಡೆ ಮೇಲಿದೆ. ಅದಕ್ಕೆ ಹೂ ಹಾಕುತ್ತೇವೆ. ಆದರೆ ಅದು ಅಜ್ಜಿಯಲ್ಲ.

ಅವ್ವನ ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ. ಚರಿತ್ರೆಯಲ್ಲಿ ಯಾರಿಗೆ ಮುಖ ಇರುತ್ತದೆ? ಯಾರಿಗೆ ಇರೋದಿಲ್ಲ? ಮುಖ ಇಲ್ಲದವರಿಗೆ ಮುಂದೆ ಯಾರಾದರೂ ಮುಖ ಬರೆದರೆ ಅದು ಯಾರ ಮುಖವಾಗಿರುತ್ತದೆ? ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕಿದವಳು ಲಂಡನ್ನಿನ ಕಪ್ಪು ಚಿತ್ರಕಾರ್ತಿ ಲಿನೆಟ್ ಯಿಯಾಡಮ್-ಬೋವಾಚಿ. ಆಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಪ್ಪು ಜನರ ಭಾವಚಿತ್ರ ಬರೆಯುತ್ತಾ ಬಂದಿದ್ದಾಳೆ. ಹೆಂಗಸರು, ಗಂಡಸರು ಎಲ್ಲರೂ ಇದ್ದಾರೆ. ಅವರಲ್ಲಿ ಒಬ್ಬರೂ ಈ ಲೋಕದಲ್ಲಿ ಹುಟ್ಟಿದವರಲ್ಲ. ಎಲ್ಲರೂ ಆಕೆಯ ಕಲ್ಪನೆಯ ಕೂಸುಗಳು. ನಾನು ಲಂಡನ್ನು ನೋಡಿದವನಲ್ಲ. ಈ ಚಿತ್ರಗಳನ್ನು ಕಂಡದ್ದು ಅಂಗೈಯಗಲದ ಮೊಬೈಲಿನಲ್ಲಿ. ಆದರೂ ಆ ಹೆಂಗಸರನ್ನು ನೋಡಿದಾಗ ನಮ್ಮಜ್ಜಿ ನೆನಪಾದಳು. ಗೋಡೆ ಮೇಲಿನ ಪಟ ನೋಡಿದರೆ ನೆನಪಾಗೋದಿಲ್ಲ. ಇದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಭಾವಚಿತ್ರದ ಹಳೇ ಕತೆಯನ್ನು ಕೆದಕಬೇಕು.

ಭಾವಚಿತ್ರ ಅನ್ನೋದು ಮೊದಲಿನಿಂದಲೂ ಉಳ್ಳವರ ಸ್ವತ್ತು. ಚಿತ್ರಕಾರನ ಎದುರಿಗೆ ದಿನಗಟ್ಟಲೆ ಸುಮ್ಮನೆ ಕೂರಲು ಬಿಡುವು ಬೇಕು. ಕೂಲಿ ಮಾಡುವವರಿಗೆ ಆ ಬಿಡುವು ಎಲ್ಲಿ? ಲಂಡನ್ನಿನಲ್ಲಿ ರಾಯಲ್ ಅಕಾಡೆಮಿ ಶುರುವಾದದ್ದು 1768ರಲ್ಲಿ. ಅದರ ಮೊದಲ ಅಧ್ಯಕ್ಷ ಜೋಶುವಾ ರೆನಾಲ್ಡ್ಸ್. ಅವನ ಕಸುಬೇ ಶ್ರೀಮಂತರ ಭಾವಚಿತ್ರ ಬರೆಯೋದು. ಆ ಕಾಲದ ಇಂಗ್ಲೆಂಡಿನಲ್ಲಿ ಶ್ರೀಮಂತಿಕೆಯ ಒಂದು ದೊಡ್ಡ ಪಾಲು ಎಲ್ಲಿಂದ ಬರುತ್ತಿತ್ತು? ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟದಲ್ಲಿ ದುಡಿಸಿ ಬರುತ್ತಿತ್ತು. ಆ ಶ್ರೀಮಂತರ ಪಟಗಳಲ್ಲಿ ಕಪ್ಪು ಜನ ಇಲ್ಲವೇ ಇಲ್ಲ ಅಂತಲ್ಲ. ಇದ್ದಾರೆ. ಮೂಲೆಯಲ್ಲಿದ್ದಾರೆ. ತಟ್ಟೆ ಹಿಡಿದು ನಿಂತಿದ್ದಾರೆ, ಕುದುರೆಯ ಲಗಾಮು ಹಿಡಿದಿದ್ದಾರೆ, ದೊರೆಸಾನಿಯನ್ನು ತಲೆಯೆತ್ತಿ ನೋಡುತ್ತಿದ್ದಾರೆ. ದೊರೆಸಾನಿಯ ಬಿಳುಪು ಎದ್ದು ಕಾಣಲಿ ಅಂತ ಪಕ್ಕದಲ್ಲಿ ಒಂದು ಕಪ್ಪು ಮುಖ. ಆ ಮುಖಕ್ಕೆ ಹೆಸರಿಲ್ಲ.

ಈ ಮಾತಿಗೆ ಹೊರತಾದ ಒಂದು ಪಟ ಇದೆ. ಅದು 1778-79ರ ಸುಮಾರಿನದು. ಅದರಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ಬಿಳಿಯ ಎಲಿಜಬೆತ್ ಮರ್ರೆ. ಇನ್ನೊಬ್ಬಳು ಡೈಡೊ ಎಲಿಜಬೆತ್ ಬೆಲ್. ಈ ಡೈಡೊ ಒಬ್ಬ ಬ್ರಿಟಿಷ್ ನೌಕಾಧಿಕಾರಿಗೂ ಗುಲಾಮಗಿರಿಯಲ್ಲಿದ್ದ ಕಪ್ಪು ಹೆಂಗಸಿಗೂ ಹುಟ್ಟಿದವಳು. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡನ ಮನೆಯಲ್ಲಿ ಬೆಳೆದವಳು. ಈ ಮ್ಯಾನ್ಸ್‌ಫೀಲ್ಡನೇ 1772ರಲ್ಲಿ ಸಾಮರ್‌ಸೆಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ, ಅವನನ್ನು ಇಂಗ್ಲೆಂಡಿನಿಂದ ಬಲವಂತವಾಗಿ ಹೊರಗೆ ಸಾಗಿಸುವಂತಿಲ್ಲ ಅಂತ ತೀರ್ಪು ಕೊಟ್ಟವನು. ಪಟದಲ್ಲಿ ಡೈಡೊ ನಗುತ್ತಿದ್ದಾಳೆ, ನಮ್ಮ ಕಡೆಗೇ ನೋಡುತ್ತಿದ್ದಾಳೆ. ಎಲಿಜಬೆತ್‌ಳ ಕೈಯಲ್ಲಿ ಪುಸ್ತಕ ಇದೆ. ಡೈಡೊಳ ಕೈಯಲ್ಲಿ ಹಣ್ಣು ಇದೆ, ತಲೆಗೆ ರುಮಾಲು ಇದೆ. ಒಂದೇ ಮನೆಯಲ್ಲಿ ಬೆಳೆದರೂ ಒಬ್ಬಳಿಗೆ ಪುಸ್ತಕ, ಇನ್ನೊಬ್ಬಳಿಗೆ ಹಣ್ಣು. ಕುಂಚಕ್ಕೂ ಜಾತಿ ಇದೆ ಅಂತ ನಮಗೆ ಬೇರೆ ಹೇಳಬೇಕಿಲ್ಲ.

ಇನ್ನೊಂದು ಪಟ ಪ್ಯಾರಿಸ್ಸಿನದು. 1800ರಲ್ಲಿ ಮಾರಿ-ಗಿಯ್ಮಿನ್ ಬೆನ್ವಾ ಎಂಬ ಚಿತ್ರಕಾರ್ತಿ ಒಬ್ಬ ಕಪ್ಪು ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ಬರೆದಳು. ಬಿಳಿ ಬಟ್ಟೆ, ತಲೆಗೆ ಬಿಳಿ ಸುತ್ತು, ಒಂದು ಎದೆ ಬಯಲು. ಫ್ರಾನ್ಸು 1794ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತ್ತು. 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ತಂದ. ಈ ಎರಡರ ನಡುವಿನ ಚೂರು ಗಾಳಿಯಲ್ಲಿ ಹುಟ್ಟಿದ ಪಟ ಅದು. ಪಟಕ್ಕೆ ಇಟ್ಟ ಹೆಸರೇನು? 'ಒಬ್ಬ ನೀಗ್ರೋ ಹೆಂಗಸಿನ ಭಾವಚಿತ್ರ' ಅಂತ. ಆಕೆಯ ಹೆಸರು ಮದಲೆನ್. 2019ರಲ್ಲಿ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನ ಒಂದು ಪ್ರದರ್ಶನದಲ್ಲಿ ಆ ಪಟವನ್ನು 'ಮದಲೆನ್‌ಳ ಭಾವಚಿತ್ರ' ಅಂತ ಕರೆದರು. ಒಂದು ಹೆಸರು ಗೋಡೆಗೆ ಬರೋದಕ್ಕೆ 219 ವರ್ಷ ಹಿಡಿಯಿತು.

ಹಾಗೇ 1863ರಲ್ಲಿ ಎದುವಾರ್ ಮನೆ ಬರೆದ 'ಒಲಿಂಪಿಯಾ'. ಮಂಚದ ಮೇಲೆ ಬೆತ್ತಲೆ ಬಿಳಿ ಹೆಂಗಸು, ಹಿಂದೆ ಹೂಗುಚ್ಛ ಹಿಡಿದ ಕಪ್ಪು ಆಳು. ಬಿಳಿ ಹೆಂಗಸಿನ ಬಗ್ಗೆ ಪುಸ್ತಕಗಳ ರಾಶಿಯೇ ಬಂತು. ಹೂ ಹಿಡಿದು ನಿಂತವಳ ಹೆಸರು ಲೋರ್. ಆಕೆ ಎಲ್ಲಿ ವಾಸವಿದ್ದಳು ಅಂತ ಚಿತ್ರಕಾರ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದ. ಅದಿದ್ದರೂ ಆಕೆಯ ಬಗ್ಗೆ ಕೇಳಿದವರು ಬಹಳ ಕಾಲ ಯಾರೂ ಇರಲಿಲ್ಲ.

ಇದು ಅವರ ಕತೆ, ನಮಗೇನು ಅಂತ ಗೆಳೆಯರು ಕೇಳಬಹುದು. ನಮಗೂ ಇದೇ ಆಯಿತು. ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ 'ದ ಪೀಪಲ್ ಆಫ್ ಇಂಡಿಯಾ' ಅಂತ 8 ಸಂಪುಟ ಹೊರಡಿಸಿತು. ಊರೂರಿನ ಜನರ ಫೋಟೋಗಳು. 1909ರಲ್ಲಿ ಮದರಾಸಿನ ಎಡ್ಗರ್ ಥರ್ಸ್ಟನ್, ರಂಗಾಚಾರಿಯವರ ಜೊತೆ ಸೇರಿ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 7 ಸಂಪುಟ ತಂದ. ಥರ್ಸ್ಟನ್ ಮದರಾಸು ಮ್ಯೂಸಿಯಮ್ಮಿನ ಅಧಿಕಾರಿ. ಜನರನ್ನು ನಿಲ್ಲಿಸಿ ಮೂಗಿನ ಅಗಲ, ತಲೆಯ ಉದ್ದ ಅಳತೆ ಹಿಡಿದು ಬರೆದುಕೊಂಡವನು. ಇಂಥ ಪುಸ್ತಕಗಳಲ್ಲಿ ನಮ್ಮ ಹೆಂಗಸರಿಗೆ ಫೋಟೋ ಸಿಕ್ಕಿತು, ಹೆಸರು ಸಿಗಲಿಲ್ಲ. ಫೋಟೋದ ಕೆಳಗೆ ಜಾತಿಯ ಹೆಸರು. ಒಬ್ಬಳು ಹೆಂಗಸು ನಿಂತಿದ್ದಾಳೆ ಅಂದರೆ ಅವಳ ಹಿಂದೆ ಇಡೀ ಜಾತಿ ನಿಂತಿದೆ ಅಂತ ಲೆಕ್ಕ. ಅವಳಿಗೆ ಅಂತ ಒಂದು ಸಿಟ್ಟು, ಒಂದು ನಗು, ಒಂದು ಗುಟ್ಟು ಇರಬಹುದು ಅನ್ನೋದು ಆ ಕ್ಯಾಮೆರಾಕ್ಕೆ ಹೊಳೆಯಲಿಲ್ಲ.

ಇನ್ನೊಂದು ಕಡೆ ಮೇಲ್ಜಾತಿಯವರು ಕಲ್ಪನೆಯಿಂದಲೇ ಹೆಂಗಸರ ಮುಖ ಬರೆದರು. ರಾಜಾ ರವಿವರ್ಮ ಲಕ್ಷ್ಮಿ, ಸರಸ್ವತಿ, ದಮಯಂತಿಯರನ್ನು ಬರೆದ. ಅವರನ್ನು ಯಾರೂ ಕಂಡಿರಲಿಲ್ಲ. ಮಾದರಿಯಾಗಿ ಕೂತ ಹೆಂಗಸರ ಮುಖವನ್ನು ನೋಡಿ ದೇವತೆಗಳಿಗೆ ಮುಖ ಕೊಟ್ಟ. ಮುಂಬಯಿಯಲ್ಲಿ 1894ರಲ್ಲಿ ಅವನ ಅಚ್ಚುಕೂಟ ಶುರುವಾಯಿತು. ಅಲ್ಲಿಂದ ಆ ಬಿಳಿ ಕೆನ್ನೆ, ಆ ರೇಷ್ಮೆ ಸೀರೆ ಕ್ಯಾಲೆಂಡರಿಗೆ ಬಂತು, ಬೆಂಕಿಪೊಟ್ಟಣಕ್ಕೆ ಬಂತು, ಸಿನಿಮಾಕ್ಕೆ ಬಂತು. ನೂರು ವರ್ಷ ದಾಟಿದ ಮೇಲೆ ನಮ್ಮ ಪೇಟೆಯ ಸ್ಟುಡಿಯೋದವನ ಕಂಪ್ಯೂಟರಿಗೂ ಬಂತು. ನಮ್ಮಜ್ಜಿಯ ಮುಖದ ಮೇಲೆ ಅವನು ಅಂಟಿಸಿದ್ದು ಆ ಮುಖವನ್ನೇ. ಅವನನ್ನು ಬೈದು ಏನು ಪ್ರಯೋಜನ? ಹೆಂಗಸು ಚೆಂದ ಕಾಣಬೇಕು ಅಂದರೆ ಹೀಗೇ ಕಾಣಬೇಕು ಅಂತ ಅವನಿಗೆ ಯಾರೋ ಕಲಿಸಿದ್ದರು. ನಮಗೂ ಕಲಿಸಿದ್ದಾರೆ.

ಕಲ್ಪನೆ ಅನ್ನೋದು ಗಾಳಿಯಲ್ಲಿ ಹುಟ್ಟೋದಿಲ್ಲ. ಅದು ಯಾರ ಕೈಯಲ್ಲಿದೆ ಅನ್ನೋದೇ ಪ್ರಶ್ನೆ. ಈಗ ಲಿನೆಟ್‌ಳ ದಾರಿಗೆ ಬರೋಣ.

ಆಕೆ ಹುಟ್ಟಿದ್ದು 1977ರಲ್ಲಿ, ಲಂಡನ್ನಿನಲ್ಲಿ. ಅಪ್ಪ ಅಮ್ಮ ಘಾನಾದಿಂದ ಬಂದವರು. ಇಬ್ಬರೂ ನರ್ಸುಗಳು. ಘಾನಾ ಬ್ರಿಟಿಷರ ವಸಾಹತಾಗಿದ್ದು 1957ರಲ್ಲಿ ಸ್ವತಂತ್ರವಾದ ದೇಶ. ಬ್ರಿಟನ್ನಿನಲ್ಲಿ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಸರ್ಕಾರಿ ಆರೋಗ್ಯ ಸೇವೆ ಶುರುವಾದದ್ದು 1948ರಲ್ಲಿ. ಆ ಆಸ್ಪತ್ರೆಗಳಲ್ಲಿ ದುಡಿಯೋದಕ್ಕೆ ಹಳೇ ವಸಾಹತುಗಳಿಂದ ಜನ ಬಂದರು. ರೋಗಿಗಳ ಮೈ ಒರೆಸಿದರು, ಗಾಯ ತೊಳೆದರು, ರಾತ್ರಿ ಪಾಳಿ ಮಾಡಿದರು. ಅಂಥ ಮನೆಯ ಮಗಳು ಕುಂಚ ಹಿಡಿದಳು. ದುಡಿಯುವ ಮನೆಯಲ್ಲಿ ಮಗು ಚಿತ್ರ ಬರೆಯುತ್ತೇನೆ ಅಂದರೆ ಎದ್ದು ಬರುವ ಮೊದಲ ಪ್ರಶ್ನೆ ಯಾವುದು ಅಂತ, ಮೊದಲ ಸಲ ಕಾಲೇಜು ಕಂಡ ನಮ್ಮಂಥವರಿಗೆ ಗೊತ್ತು. ಅದರಿಂದ ಹೊಟ್ಟೆ ತುಂಬುತ್ತದಾ?

ಲಂಡನ್ನಿನ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಲಾಶಾಲೆಗೆ ಸೇರಿದಳು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಅದನ್ನು ಬಿಟ್ಟು ದೂರದ ಕಾರ್ನ್‌ವಾಲ್ ಸೀಮೆಯ ಸಮುದ್ರತೀರದ ಫಾಲ್ಮತ್ ಕಲಾ ಕಾಲೇಜಿಗೆ ಹೋದಳು. 2000ದಲ್ಲಿ ಅಲ್ಲಿ ಪದವಿ ಮುಗಿಸಿದಳು. ಆಮೇಲೆ ರಾಯಲ್ ಅಕಾಡೆಮಿಯ ಶಾಲೆ, 2003ರವರೆಗೆ. ಶ್ರೀಮಂತರ ಭಾವಚಿತ್ರಗಳ ಕಾರ್ಖಾನೆಯಾಗಿದ್ದ ಅದೇ ಅಕಾಡೆಮಿ. ಅಲ್ಲಿ ಕಲಿಯುವಾಗಲೇ ಆಕೆಗೆ ತನ್ನ ದಾರಿ ಸಿಕ್ಕಿದ್ದು. ಮೊದಮೊದಲು ಚಿತ್ರದೊಳಗೆ ದೊಡ್ಡ ದೊಡ್ಡ ಕತೆ ತುಂಬಲು ನೋಡುತ್ತಿದ್ದಳು. ಆಮೇಲೆ ಕತೆಯನ್ನೆಲ್ಲಾ ತೆಗೆದುಹಾಕಿ, ಒಂದು ಆಕೃತಿ, ಅದನ್ನು ಬಣ್ಣದಲ್ಲಿ ಹೇಗೆ ನಿಲ್ಲಿಸೋದು, ಇಷ್ಟನ್ನೇ ಹಿಡಿದಳು. ಇಂಥ ಒಬ್ಬ ಮನುಷ್ಯನ ಹೋಲಿಕೆ ತರಬೇಕು ಅನ್ನುವ ಹಂಬಲ ತನಗಿಲ್ಲ ಅಂತ ಆಕೆಗೆ ಖಾತ್ರಿಯಾಯಿತು. ಹಾಗಾದರೆ ಮಾದರಿಗೆ ಅಂತ ಯಾರಾದರೂ ಎದುರಿಗೆ ಯಾಕೆ ಕೂರಬೇಕು?

ಆಕೆ ಒಬ್ಬಳೇ ಈ ದಾರಿ ಕಡಿದಳು ಅಂದರೆ ಸುಳ್ಳಾಗುತ್ತದೆ. ಆಕೆಗಿಂತ ಹಿಂದಿನ ಕಪ್ಪು ಹೆಂಗಸರು 1980ರ ದಶಕದಲ್ಲೇ ಬ್ರಿಟನ್ನಿನ ಗ್ಯಾಲರಿಗಳ ಬಾಗಿಲು ಬಡಿದಿದ್ದರು. 1985ರಲ್ಲಿ ಲುಬೈನಾ ಹಿಮಿಡ್ ಎಂಬಾಕೆ ಲಂಡನ್ನಿನಲ್ಲಿ 'ದ ಥಿನ್ ಬ್ಲ್ಯಾಕ್ ಲೈನ್' ಅಂತ ಪ್ರದರ್ಶನ ಮಾಡಿದಳು. 11 ಮಂದಿ ಕಲಾವಿದೆಯರು. ಅವರ ಕೆಲಸಗಳನ್ನು ತೂಗುಹಾಕಿದ್ದು ಆ ಸಂಸ್ಥೆಯ ಓಣಿಯಂಥ ನಡೆಯುವ ದಾರಿಯ ಗೋಡೆಗೆ. ಊರೊಳಗೆ ಬರಬಹುದು, ಜಗಲಿಯಲ್ಲೇ ಕೂತುಕೋ ಅನ್ನುವ ಹಂಗೆ. ಅದೇ ಹಿಮಿಡ್ 2004ರಲ್ಲಿ 'ನೇಮಿಂಗ್ ದ ಮನಿ' ಅಂತ ಒಂದು ಕೃತಿ ಮಾಡಿದಳು. ಯುರೋಪಿನ ಅರಮನೆಗಳಲ್ಲಿ ದುಡಿದ ಕಪ್ಪು ಆಳುಗಳ 100 ಆಳೆತ್ತರದ ಆಕೃತಿಗಳು. ಒಬ್ಬೊಬ್ಬರಿಗೂ ಎರಡೆರಡು ಹೆಸರು. ಒಂದು ಒಡೆಯ ಇಟ್ಟದ್ದು, ಒಂದು ಅವರದೇ. ಎಲ್ಲಾ ಕಲ್ಪನೆಯೇ. ಆದರೆ ಪಟದ ಮೂಲೆಯಲ್ಲಿ ತಟ್ಟೆ ಹಿಡಿದು ನಿಂತವರು ಮುಂದಕ್ಕೆ ನಡೆದು ಬಂದು, ನನ್ನ ಹೆಸರು ಇದು, ನನ್ನ ಕಸುಬು ಇದು ಅಂತ ಹೇಳಿದಂತಾಯಿತು. ಹಿಮಿಡ್‌ಳಿಗೆ 2017ರಲ್ಲಿ ಟರ್ನರ್ ಪ್ರಶಸ್ತಿ ಬಂತು.

ಲಿನೆಟ್ ಹಿಡಿದದ್ದು ಇನ್ನೊಂದು ಬಗೆ. ಆಕೆಯ ಹೆಂಗಸರು ಆಳುಗಳಲ್ಲ, ರಾಣಿಯರೂ ಅಲ್ಲ. ಯಾರಿಗೂ ಏನನ್ನೂ ಸಾಬೀತು ಮಾಡಲು ಬಂದವರಲ್ಲ. ಒಬ್ಬಳು ಕೂತಿದ್ದಾಳೆ. ಒಬ್ಬಳು ಗಲ್ಲಕ್ಕೆ ಕೈ ಹಚ್ಚಿ ಎತ್ತಲೋ ನೋಡುತ್ತಿದ್ದಾಳೆ. ಒಬ್ಬಳು ಏನನ್ನೋ ನೆನೆದು ನಗುತ್ತಿದ್ದಾಳೆ. 2011ರ 'ಕಾಂಡರ್ ಅಂಡ್ ದ ಮೋಲ್' ಚಿತ್ರದಲ್ಲಿ ಸಮುದ್ರದ ದಡದಲ್ಲಿ ಇಬ್ಬರು ಹುಡುಗಿಯರು ತಮ್ಮ ಪಾಡಿಗೆ ತಾವು ಆಟದಲ್ಲಿ ಮುಳುಗಿದ್ದಾರೆ. ಕಾಂಡರ್ ಅಂದರೆ ದೊಡ್ಡ ರಣಹದ್ದು, ಮೋಲ್ ಅಂದರೆ ನೆಲ ಕೊರೆಯುವ ಇಲಿಯಂಥ ಪ್ರಾಣಿ. ಚಿತ್ರದಲ್ಲಿ ಹದ್ದೂ ಇಲ್ಲ, ಇಲಿಯೂ ಇಲ್ಲ. ಆಕೆಯ ಹೆಸರುಗಳೆಲ್ಲಾ ಹೀಗೇ. ಚಿತ್ರವನ್ನು ವಿವರಿಸೋದಿಲ್ಲ. ಪಕ್ಕದಲ್ಲಿ ನಿಂತು ಇನ್ನೊಂದು ಬಣ್ಣ ಹಚ್ಚಿದಂತಿರುತ್ತವೆ. ಆಕೆ ಬರಹಗಾರ್ತಿಯೂ ಹೌದು. ಕತೆ ಕವಿತೆ ಬರೆಯುತ್ತಾಳೆ. ಬರಹಕ್ಕೆ ಸಿಗದ್ದನ್ನು ಚಿತ್ರದಲ್ಲೂ ಚಿತ್ರಕ್ಕೆ ಸಿಗದ್ದನ್ನು ಬರಹದಲ್ಲೂ ಹಿಡಿಯುತ್ತೇನೆ ಅನ್ನೋದು ಆಕೆಯ ಮಾತಿನ ಭಾವ.

ಕೆಲಸ ಮಾಡುವ ರೀತಿ ಹೇಳುತ್ತೇನೆ, ಕವಿಗಳಿಗೂ ಅದರಿಂದ ಕಲಿಯೋದಿದೆ. ಎದುರಿಗೆ ಯಾರೂ ಕೂರೋದಿಲ್ಲ. ಹಾಗಂತ ಕಣ್ಣು ಮುಚ್ಚಿ ಬರೆಯುವವಳೂ ಅಲ್ಲ. ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳು, ಹಳೇ ಫೋಟೋಗಳು, ತಾನೇ ಗೀಚಿದ ರೇಖೆಗಳು, ಕಂಡು ಮರೆತ ಮುಖಗಳ ನೆನಪು ಎಲ್ಲವನ್ನೂ ಕೂಡಿಟ್ಟುಕೊಂಡಿರುತ್ತಾಳೆ. ಒಬ್ಬರ ಕೈ, ಇನ್ನೊಬ್ಬರ ಕತ್ತು, ಮತ್ತೊಬ್ಬರ ಕೂರುವ ಭಂಗಿ. ಎಲ್ಲಾ ಸೇರಿ ಯಾರೂ ಅಲ್ಲದ ಒಬ್ಬಳು ಎದ್ದು ಬರುತ್ತಾಳೆ. ಬಹಳಷ್ಟು ಚಿತ್ರಗಳನ್ನು ಒಂದೇ ದಿನದಲ್ಲಿ ಮುಗಿಸಿದ್ದಾಳೆ. ಎಣ್ಣೆಬಣ್ಣ ಆರುವುದಕ್ಕೆ ಮುಂಚೆ, ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಳೆದು ಮುಗಿಸಬೇಕು. ಆ ದಿನ ಚಿತ್ರ ನಿಲ್ಲಲಿಲ್ಲ ಅಂದರೆ ಅದನ್ನು ತೇಪೆ ಹಾಕಿ ಉಳಿಸುವ ಪಡಿಪಾಟಲಿಲ್ಲ. ಮೈಬಣ್ಣಕ್ಕೆ ಕರಿಯನ್ನು ಸುಮ್ಮನೆ ಬಳಿಯೋದಿಲ್ಲ. ಕಂದು, ಕೆಂಪು, ಹಸಿರು, ನೀಲಿ ಎಲ್ಲವೂ ಆ ಚರ್ಮದೊಳಗೆ ಹೊಳೆಯುತ್ತವೆ. ಹಿನ್ನೆಲೆಯೂ ಕತ್ತಲು. ಬಿಳುಪಿನ ಎದುರಿಗೆ ಕಪ್ಪನ್ನು ನಿಲ್ಲಿಸಿ ತೋರಿಸುವ ಹಳೇ ಆಟ ಅಲ್ಲಿಲ್ಲ. ಕತ್ತಲ ಮುಂದೆ ಕಪ್ಪು ಹೆಂಗಸು ತನ್ನ ಬೆಳಕಿನಲ್ಲೇ ಕಾಣುತ್ತಾಳೆ. ಮನೆ, ದೆಗಾ, ಸಿಕರ್ಟ್ ಇವರ ಚಿತ್ರಗಳನ್ನು ಅರೆದು ಕುಡಿದವಳು ಆಕೆ. 'ಒಲಿಂಪಿಯಾ' ಬರೆದ ಮನೆಯಿಂದಲೇ ಕಸುಬು ಕಲಿತು, ಹೂ ಹಿಡಿದು ಹಿಂದೆ ನಿಂತವಳನ್ನು ಹಿಂದೆ ನಿಲ್ಲಿಸದೆ ಬರೆದಳು. ಉಳ್ಳವರ ಆಯುಧ ಕಿತ್ತುಕೊಳ್ಳೋದು ಅಂದರೆ ಇದು.

ಇನ್ನೊಂದು ಸಣ್ಣ ಸಂಗತಿ ಇದೆ. ನನ್ನನ್ನು ನಿದ್ದೆಗೆಡಿಸಿದ್ದು ಅದೇ. ಆಕೆಯ ಜನರಿಗೆ ಸಾಮಾನ್ಯವಾಗಿ ಕಾಲಿಗೆ ಚಪ್ಪಲಿ, ಷೂ ಇರೋದಿಲ್ಲ. ಯಾಕೆ? ಚಪ್ಪಲಿ ನೋಡಿದರೆ ಯಾವ ಕಾಲದ ಜನ ಅಂತ ಗೊತ್ತಾಗಿಬಿಡುತ್ತದೆ. ಅವರು ಯಾವುದೇ ಒಂದು ಇಸವಿಗೆ ಕಟ್ಟುಬೀಳಬಾರದು, ನಿನ್ನೆಯವರೂ ನಾಳೆಯವರೂ ಆಗಿರಬೇಕು ಅಂತ ಆಕೆ ಕಾಲುಗಳನ್ನು ಬರಿದು ಬಿಟ್ಟಳು. ಇದನ್ನು ತಿಳಿದಾಗ ನಾನು ಸುಮ್ಮನಾದೆ. ನಮ್ಮಲ್ಲಿ ಬರಿಗಾಲು ಅಂದರೆ ಬೇರೆ. ನಮ್ಮ ತಾತಂದಿರು ಮೇಲುಕೇರಿಗೆ ಹೋದಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದರು. ಚಪ್ಪಲಿ ಹೊಲಿದವರೇ ಚಪ್ಪಲಿ ಮೆಟ್ಟುವಂತಿರಲಿಲ್ಲ. ನಮ್ಮ ಬರಿಗಾಲಿನಲ್ಲಿ ಇಸವಿ ಇದೆ, ಊರಿನ ಹೆಸರಿದೆ, ಗೌಡನ ಹೆಸರಿದೆ. ಅಲ್ಲಿ ಬರಿಗಾಲು ಬಿಡುಗಡೆ, ಇಲ್ಲಿ ಬರಿಗಾಲು ಅವಮಾನದ ಗುರುತು. ಆದ್ದರಿಂದ ಲಿನೆಟ್ ಮಾಡಿದ್ದನ್ನು ನಾವು ಹಾಗೇ ತಂದು ಇಲ್ಲಿ ನೆಟ್ಟರೆ ಬೇರು ಬಿಡೋದಿಲ್ಲ. ನಮ್ಮ ಚಿತ್ರಕಾರ ನಮ್ಮಜ್ಜಿಯನ್ನು ಬರೆದರೆ ಬಹುಶಃ ಕಾಲಿಗೆ ಚಪ್ಪಲಿ ಹಾಕಿಯೇ ಬರೆಯಬೇಕು.

ಹಾದಿ ಸುಲಭವಾಗಿರಲಿಲ್ಲ. ಕಾಲೇಜು ಮುಗಿದ ಮೇಲೆ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿಕೊಂಡು ಚಿತ್ರ ಬರೆದಳು. 2006ರಲ್ಲಿ ಆರ್ಟ್ಸ್ ಫೌಂಡೇಶನ್ನಿನ ಫೆಲೋಶಿಪ್ಪು ಸಿಕ್ಕ ಮೇಲೆ ಪೂರ್ತಿ ಚಿತ್ರಕ್ಕೇ ಕೂರಲು ಸಾಧ್ಯವಾಯಿತು. 2010ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಸ್ಟುಡಿಯೋ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನ. ಹಾರ್ಲೆಮ್ ಅಂದರೆ ಕಪ್ಪು ಜನರ ಹೆಸರಾಂತ ಕೇರಿ. 2013ರಲ್ಲಿ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಹೆಸರು ಬಂತು, ಪ್ರಶಸ್ತಿ ಬರಲಿಲ್ಲ. 2018ರಲ್ಲಿ ಅಮೆರಿಕದ ಕಾರ್ನೆಗಿ ಪ್ರಶಸ್ತಿ ಬಂತು. 2019ರಲ್ಲಿ ವೆನಿಸ್ಸಿನ ಬಿಯೆನಾಲೆಯಲ್ಲಿ ಘಾನಾ ದೇಶ ಮೊದಲ ಸಲ ತನ್ನದೇ ಮಂಟಪ ಹಾಕಿದಾಗ ಅಲ್ಲಿ ಈಕೆಯ ಚಿತ್ರಗಳಿದ್ದವು. 2020ರ ಡಿಸೆಂಬರಿನಲ್ಲಿ ಲಂಡನ್ನಿನ ಟೇಟ್ ಬ್ರಿಟನ್ನಿನಲ್ಲಿ ಸುಮಾರು 80 ಚಿತ್ರಗಳ ದೊಡ್ಡ ಪ್ರದರ್ಶನ ತೆರೆಯಿತು. ಕೊರೊನಾ ಬಂದು ಬೇಗ ಬಾಗಿಲು ಹಾಕಬೇಕಾಯಿತು. ಯುರೋಪಿನ ಬೇರೆ ಊರುಗಳನ್ನು ಸುತ್ತಿ, 2022ರ ನವೆಂಬರಿನಲ್ಲಿ ಅದು ಮತ್ತೆ ಅಲ್ಲಿಗೇ ಬಂತು.

ಆ ಟೇಟ್ ಕಟ್ಟಡದ ಚರಿತ್ರೆಯನ್ನೂ ಒಂದಿಷ್ಟು ನೋಡಬೇಕು. ಅದು ತೆರೆದದ್ದು 1897ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ಮಿಲ್‌ಬ್ಯಾಂಕ್ ಜೈಲಿತ್ತು. ಹಣ ಕೊಟ್ಟವನು ಹೆನ್ರಿ ಟೇಟ್, ಸಕ್ಕರೆ ವ್ಯಾಪಾರಿ. ಬ್ರಿಟನ್ನು 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಾಗ ಅವನಿನ್ನೂ ಹುಡುಗ. ಆತ ಗುಲಾಮರನ್ನು ಇಟ್ಟುಕೊಂಡವನಲ್ಲ. ಆದರೆ ಆ ಸಕ್ಕರೆಯ ಉದ್ಯಮ ಎದ್ದು ನಿಂತದ್ದು ಯಾರ ಬೆನ್ನಿನ ಮೇಲೆ ಅನ್ನೋದು ಎಲ್ಲರಿಗೂ ಗೊತ್ತು. ಜೈಲಿನ ನೆಲ, ಸಕ್ಕರೆಯ ಹಣ. ಅದರೊಳಗೆ, ಯಾರ ಅಪ್ಪಣೆಯನ್ನೂ ಕೇಳದೆ ತಮ್ಮ ಪಾಡಿಗೆ ಕೂತ ಕಪ್ಪು ಹೆಂಗಸರು. ಇದು ಸಣ್ಣ ಮಾತಲ್ಲ.

ಆದರೆ ಬಂಡಾಯದ ಗೆಳೆಯರು ಕೇಳುವ ಪ್ರಶ್ನೆ ನನಗೆ ಗೊತ್ತು. ನಾನೂ ಕೇಳಿಕೊಂಡಿದ್ದೇನೆ. ಇದರಲ್ಲಿ ಹೋರಾಟ ಎಲ್ಲಿದೆ? 2000ದಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮವರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಖೈರ್ಲಾಂಜಿಯಲ್ಲಿ ತಾಯಿ ಮಗಳನ್ನು ಕೊಂದರು. ಇಂಥ ನಾಡಿನಲ್ಲಿ ಗಲ್ಲಕ್ಕೆ ಕೈ ಹಚ್ಚಿ ಕೂತ ಹೆಂಗಸಿನ ಚಿತ್ರದಿಂದ ಏನಾಗಬೇಕು? ಮೇಲಾಗಿ ಆ ಚಿತ್ರಗಳು ಹರಾಜಿನಲ್ಲಿ ಲಕ್ಷಾಂತರ ಪೌಂಡಿಗೆ ಹೋಗುತ್ತವೆ. ಅವನ್ನು ಕೊಂಡು ಮನೆಯಲ್ಲಿ ತೂಗುಹಾಕಿಕೊಳ್ಳುವವರು ನರ್ಸುಗಳಲ್ಲ. ಬಂಡವಾಳಶಾಹಿ ಎಲ್ಲವನ್ನೂ ನುಂಗುತ್ತದೆ, ಇದನ್ನೂ ನುಂಗಿದೆ. ಲಿನೆಟ್ ಸಹ ತಾನು ಹೋರಾಟಗಾರ್ತಿ ಅಂತ ಎಲ್ಲೂ ಹೇಳಿಕೊಂಡಿಲ್ಲ. ತನ್ನ ಮೊದಲ ನಿಷ್ಠೆ ಚಿತ್ರದ ಭಾಷೆಗೆ ಅನ್ನುವವಳು ಆಕೆ. ಇದನ್ನೆಲ್ಲಾ ಮುಚ್ಚಿಡಬೇಕಿಲ್ಲ.

ಆದರೂ ನನ್ನ ವಾದ ಇಷ್ಟು. ಶೋಷಣೆ ಮಾಡುವವನು ನಮ್ಮಿಂದ ಕಿತ್ತುಕೊಂಡದ್ದು ಭೂಮಿ, ಕೂಲಿ, ನೀರು ಮಾತ್ರವಲ್ಲ. ಸುಮ್ಮನೆ ಕೂತಿರುವ ಹಕ್ಕನ್ನೂ ಕಿತ್ತುಕೊಂಡ. ಕೇರಿಯ ಹೆಂಗಸು ಸುಮ್ಮನೆ ಕೂತಿದ್ದರೆ ಸೋಮಾರಿ, ನಕ್ಕರೆ ಚೆಲ್ಲು, ಎದುರು ನೋಡಿದರೆ ಸೊಕ್ಕು. ನಮ್ಮ ಪದ್ಯಗಳಲ್ಲಾದರೂ ಆಕೆಗೆ ಆ ಹಕ್ಕು ಸಿಕ್ಕಿದೆಯಾ? ನಾನೇ ಬರೆದ ಪದ್ಯಗಳನ್ನು ತೆಗೆದು ನೋಡಿದೆ. ಅಜ್ಜಿ ಸಗಣಿ ಹೊರುತ್ತಾಳೆ, ಅಜ್ಜಿ ಹಸಿದಿದ್ದಾಳೆ, ಅಜ್ಜಿಯ ಸೀರೆ ಹರಿದಿದೆ, ಅಜ್ಜಿ ಅಳುತ್ತಾಳೆ. ಯಾವುದೂ ಸುಳ್ಳಲ್ಲ. ಆದರೆ ಸಂಜೆ ಹೊತ್ತು ಜಗಲಿಯಲ್ಲಿ ಕಾಲು ಚಾಚಿ, ಕಡ್ಡಿಪುಡಿ ಹಾಕಿಕೊಂಡು, ಗೌಡನ ನಡಿಗೆಯನ್ನು ಅಣಕ ಮಾಡಿ ಇಡೀ ಕೇರಿಯನ್ನು ನಗಿಸುತ್ತಿದ್ದ ಅಜ್ಜಿ ನನ್ನ ಒಂದು ಸಾಲಿನಲ್ಲೂ ಇಲ್ಲ. ಥರ್ಸ್ಟನ್ ಫೋಟೋದ ಕೆಳಗೆ ಜಾತಿಯ ಹೆಸರು ಬರೆದ. ನಾನು ಅಜ್ಜಿಯ ಕೆಳಗೆ ನೋವು ಅಂತ ಬರೆದೆ. ನನ್ನ ಉದ್ದೇಶ ಬೇರೆ, ಒಪ್ಪುತ್ತೇನೆ. ಆದರೆ ಎರಡರಲ್ಲೂ ಅಜ್ಜಿ ಮಾಯವಾದಳು. ಇದನ್ನು ತೋರಿಸಿಕೊಟ್ಟವಳು ಲಿನೆಟ್.

ಕಪ್ಪು ಜನರಿಗೂ ನಮಗೂ ಇರುವ ಈ ಕೊಡುಕೊಳೆ ಹೊಸದಲ್ಲ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಅಂತ ಕೇಳಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರುಗಳ ಹೆಸರನ್ನು ಎತ್ತಿಕೊಂಡು ದಲಿತ್ ಪ್ಯಾಂಥರ್ಸ್ ಕಟ್ಟಿದರು. ಅವರಿಂದ ಮನವಿ ಕಲಿತೆವು, ಮುಷ್ಟಿ ಕಲಿತೆವು. ಮುಖ ಬರೆಯೋದನ್ನೂ ಕಲಿಯಬಹುದು.

ಯಾಕೆಂದರೆ ನಮ್ಮಲ್ಲಿ ಬರೆಯಬೇಕಾದ ಮುಖಗಳು ಬಹಳ ಇವೆ. ಒನಕೆ ಓಬವ್ವನನ್ನೇ ನೋಡಿ. ಚಿತ್ರದುರ್ಗದ ಕೋಟೆಯ ಕಾವಲುಗಾರನ ಹೆಂಡತಿ, ನಮ್ಮ ಛಲವಾದಿ ಕುಲದವಳು. ಕಿಂಡಿಯಲ್ಲಿ ನುಸುಳಿ ಬಂದ ಹೈದರನ ಸೈನಿಕರನ್ನು ಒನಕೆಯಿಂದ ಬಡಿದವಳು. 1779ರಲ್ಲಿ ದುರ್ಗ ಹೈದರನ ವಶವಾಯಿತು. ಲಂಡನ್ನಿನಲ್ಲಿ ಡೈಡೊಳ ಪಟ ಬರೆದದ್ದು ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಡೈಡೊ ಹೇಗಿದ್ದಳು ಅಂತ ನಮಗೆ ಗೊತ್ತು. ಓಬವ್ವ ಹೇಗಿದ್ದಳು ಅಂತ ಯಾರಿಗೂ ಗೊತ್ತಿಲ್ಲ. 1972ರ 'ನಾಗರಹಾವು' ಸಿನಿಮಾದಲ್ಲಿ ಜಯಂತಿಯವರು ಓಬವ್ವನಾಗಿ ಬಂದರು. ಚೆನ್ನಾಗಿಯೇ ಮಾಡಿದರು. ಅಂದಿನಿಂದ ನಾಡಿಗೆಲ್ಲಾ ಓಬವ್ವ ಅಂದರೆ ಆ ಮುಖವೇ. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಮಾಡುತ್ತಿದೆ. ಪಟಗಳಲ್ಲಿ, ಪ್ರತಿಮೆಗಳಲ್ಲಿ ಆಕೆ ಯಾವಾಗಲೂ ಒನಕೆ ಎತ್ತಿರುತ್ತಾಳೆ. ಗಂಡ ಊಟಕ್ಕೆ ಬಂದಿದ್ದ, ನೀರು ತರಲು ಹೋದಳು, ಆಗ ಕಿಂಡಿ ಕಂಡಿತು ಅಂತ ಕತೆ ಹೇಳುತ್ತದೆ. ಅದಕ್ಕೆ ಒಂದು ಗಳಿಗೆ ಮುಂಚೆ ಆಕೆ ಹೇಗಿದ್ದಳು? ಒನಕೆ ಕೈಗೆ ಬರುವ ಮುಂಚೆ ಬತ್ತ ಕುಟ್ಟಿ ಬೆವರು ಒರೆಸಿಕೊಂಡು ಕೂತ ಓಬವ್ವನನ್ನು ಯಾರು ಬರೆದಿದ್ದಾರೆ? ಆ ಓಬವ್ವ ಗೊತ್ತಾದರೆ ಒನಕೆ ಎತ್ತಿದ ಓಬವ್ವನ ಸಿಟ್ಟು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಹಳ್ಳಿಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಒಂದು ದಿನ ಚಿತ್ರದ ಪಿರಿಯಡ್ಡಿನಲ್ಲಿ ಮಾವಿನಹಣ್ಣು, ಬಾವುಟ, ಗುಡ್ಡದ ನಡುವಿನ ಸೂರ್ಯ ಇವನ್ನು ಬಿಡಿ. ನಿಮ್ಮ ಅಜ್ಜಿಯ ಅಜ್ಜಿಯನ್ನು ಬರೀರಿ ಅಂತ ಮಕ್ಕಳಿಗೆ ಹೇಳಿ. ಫೋಟೋ ಇಲ್ಲ ಸಾರ್ ಅನ್ನುತ್ತಾರೆ. ಇಲ್ಲದ್ದಕ್ಕೇ ಬರೀರಿ ಅನ್ನಿ. ಮಗು ಮನೆಗೆ ಹೋಗಿ ಕೇಳುತ್ತದೆ. ಯಾರೋ ಒಬ್ಬರು, ನಿನ್ನ ಹುಬ್ಬು ಅವಳದೇ ಅನ್ನುತ್ತಾರೆ. ಇನ್ನೊಬ್ಬರು, ಅವಳು ಎಡಗೈಯಲ್ಲಿ ಕುಡುಗೋಲು ಹಿಡೀತಿದ್ಲು ಅನ್ನುತ್ತಾರೆ. ಒಂದು ಹುಬ್ಬು, ಒಂದು ಎಡಗೈ, ಇಷ್ಟು ಸಾಕು. ಬಣ್ಣದ ಡಬ್ಬಿಯಲ್ಲಿ 'ಮೈಬಣ್ಣ' ಅಂತ ಒಂದು ತಿಳಿಗುಲಾಬಿ ಕಡ್ಡಿ ಇರುತ್ತದೆ, ಅದನ್ನು ಮಾತ್ರ ಮುಟ್ಟಬೇಡಿ ಅನ್ನಿ. ಅವರವರ ಕೈ ನೋಡಿಕೊಂಡು ಬಣ್ಣ ಕಲಸಲಿ.

ನಾನು ಚಿತ್ರ ಬರೆಯುವವನಲ್ಲ. ಪದ್ಯ ಬರೆಯುವವನು. ಈ ಲೇಖನ ಮುಗಿಸುವ ಮುಂಚೆ ಅವ್ವನ ಹತ್ತಿರ ಕೂತು ಅಜ್ಜಿ ಹೇಗೆ ನಗುತ್ತಿದ್ದಳು ಅಂತ ಕೇಳಿದೆ. ಅವ್ವ ಸ್ವಲ್ಪ ಹೊತ್ತು ಯೋಚನೆ ಮಾಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹೆಗಲು ಕುಣಿಸಿ ತೋರಿಸಿದಳು. ಆಮೇಲೆ ತಾನೂ ನಕ್ಕಳು. ಗೋಡೆಯ ಪಟವನ್ನು ಇಳಿಸಿಲ್ಲ. ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟಿದ್ದೇವೆ.